ಹಲಗೆ ಬಡಿದರೂ ಏಳದ ಮುದಿ ಬೆಕ್ಕು: ಬರೀ ವಯಸ್ಸಾ, ಕಾಯಿಲೆಯಾ?

ಪ್ರಶ್ನೆ
ಶೇಂಗಾನ ಮನೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮುದಿ ಬೆಕ್ಕು ನೋಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ.

ನಮ್ಮ ಮನೆಯಲ್ಲಿ ಒಂದು ಗಂಡು ಬೆಕ್ಕಿದೆ. ಹುರಿದ ಶೇಂಗಾದ ಬಣ್ಣ, ಹೆಸರೂ ಶೇಂಗಾ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಅವಳು ಹುಟ್ಟುವ ಮೊದಲೇ ಇದು ಮನೆಗೆ ಬಂದಿದೆ. ಲೆಕ್ಕ ಹಾಕಿದರೆ ಹದಿನಾರು ದಾಟಿರಬೇಕು. ಹಲ್ಲು ಅರ್ಧಕ್ಕರ್ಧ ಹೋಗಿವೆ. ಆದರೂ ಮನೆಯ ಯಜಮಾನಿಕೆ ಬಿಟ್ಟಿಲ್ಲ.

ವಿಷಯ ನಿದ್ದೆಯದು. ಮೊದಲೂ ಮಲಗುತ್ತಿತ್ತು, ಬೆಕ್ಕಲ್ವಾ. ಆದರೆ ಆಗ ಹಿತ್ತಲಲ್ಲಿ ಮಲಗಿದ್ದರೂ ಫ್ರಿಜ್ ಬಾಗಿಲಿನ ಸದ್ದಿಗೆ ಅಡುಗೆಮನೆಯಲ್ಲಿ ಹಾಜರಾಗುತ್ತಿತ್ತು. ಈಗ ಪಕ್ಕದಲ್ಲೇ ಕುಕ್ಕರ್ ಸೀಟಿ ಹೊಡೆದರೂ ಮಿಸುಕುವುದಿಲ್ಲ. ನಮ್ಮ ಊರಿನ ಹೋಳಿ ನಿಮಗೆ ಗೊತ್ತಿರಬಹುದು, ಓಣಿ ಓಣಿಯಲ್ಲಿ ಹಲಗೆ ಬಡಿಯುತ್ತಾರೆ, ಬ್ಯಾರಲ್‌ಗಟ್ಟಲೆ ಬಣ್ಣ ತುಂಬಿಕೊಂಡು ಬಂಡಿಗಳು ಬರುತ್ತವೆ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಈ ಸಲ ಹುಡುಗರು ನಮ್ಮ ಕಿಟಕಿಯ ಕೆಳಗೇ ನಿಂತು ಬಡಿದರು. ಪ್ರತಿ ವರ್ಷ ಆ ಸದ್ದಿಗೆ ಜೋಳದ ಚೀಲಗಳ ಹಿಂದೆ ಹೋಗಿ ಅಡಗುತ್ತಿದ್ದ ಬೆಕ್ಕು, ಕೌದಿಯ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ಕಿವಿ ಸಹ ಅಲ್ಲಾಡಲಿಲ್ಲ.

ಹತ್ತಿರ ಹೋಗಿ ನೋಡಿದರೆ ನಾಲಿಗೆಯ ತುದಿ ಹೊರಗೆ ಬಂದಿರುತ್ತದೆ. ಎತ್ತಿಕೊಂಡರೆ ಒದ್ದೆ ಟವೆಲ್ ಹಾಗೆ ಎರಡೂ ಕಡೆ ಜೋತು ಬೀಳುತ್ತದೆ. ಆಮೇಲೆ ಒಮ್ಮೆಗೇ ಗಾಬರಿಯಿಂದ ಎಚ್ಚರಾಗಿ, ಇವರು ಯಾರು, ನಾನು ಎಲ್ಲಿದ್ದೇನೆ ಅನ್ನುವ ಹಾಗೆ ನೋಡುತ್ತದೆ. ಹೋದ ವಾರ ಹಾಗೆ ಎದ್ದಾಗ ಮಗಳ ಕೈ ಪರಚಿತು. ಹುಟ್ಟಿದಾಗಿನಿಂದ ಅವಳಿಗೆ ಒಂದು ಉಗುರು ತಾಗಿಸಿರಲಿಲ್ಲ, ಪಾಪ ಅವಳು ಗಾಯಕ್ಕಿಂತ ಅದಕ್ಕೇ ಅತ್ತಳು.

ನಮ್ಮ ಅತ್ತೆ ದಿನಾ ಬೆಳಿಗ್ಗೆ ಪೂಜೆಗೆ ಮೊದಲು ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯಾ ಎಂದು ನೋಡುತ್ತಾರೆ. “ಹೋಯ್ತವ್ವಾ” ಎಂದು ಕೂಗಿ ಮನೆಮಂದಿಯನ್ನೆಲ್ಲ ಓಡಿ ಬರುವ ಹಾಗೆ ಮಾಡಿದ್ದೂ ಆಗಿದೆ. ಅಷ್ಟರಲ್ಲಿ ಶೇಂಗಾ ಆಕಳಿಸಿ ಮಗ್ಗುಲು ಬದಲಿಸಿತ್ತು. ಇಲಿಗಳಿಗೂ ವಿಷಯ ಗೊತ್ತಾಗಿದೆ. ಈಗ ನಮ್ಮ ಮನೆಯಲ್ಲಿ ಚೆಲ್ಲಾಟ ಏನಿದ್ದರೂ ಇಲಿಗೇ.

ಊಟ ಮಾಡುತ್ತದೆ, ಮೊದಲಿಗಿಂತ ಸ್ವಲ್ಪ ಕಡಿಮೆ. ನೀರು ಜಾಸ್ತಿ ಕುಡಿಯುತ್ತಿದೆ ಅನಿಸುತ್ತದೆ, ಆದರೆ ಬಿಸಿಲೂ ಶುರುವಾಗಿದೆ, ಹಾಗಾಗಿ ಹೇಳಲು ಬರುವುದಿಲ್ಲ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. ಇನ್ನೊಂದು, ರಾತ್ರಿ ಎರಡು ಮೂರು ಗಂಟೆಗೆ ಎದ್ದು ಪಡಸಾಲೆಯಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಹತ್ತಿರ ಹೋಗಿ ಮುಟ್ಟಿದರೆ ಸುಮ್ಮನಾಗುತ್ತದೆ.

ಇಲ್ಲಿ ಒಬ್ಬರು ಡಾಕ್ಟರ್‌ಗೆ ತೋರಿಸಿದೆವು. ಬುಟ್ಟಿಯಿಂದ ಹೊರಗೂ ತೆಗೆಯಲಿಲ್ಲ. “ವಯಸ್ಸಾಗಿದೆ ಬಿಡ್ರಿ” ಅಂದರು. ಪಕ್ಕದ ಮನೆಯವರು ಹೊಲದ ಕಡೆ ಬಿಟ್ಟು ಬನ್ನಿ ಎಂದರು. ಅತ್ತೆ ಅವರಿಗೆ, “ಅಲ್ಲಿ ಸತ್ತರೆ ಕಾಶಿಗೆ ಬಂಗಾರದ ಬೆಕ್ಕು ನೀವು ಮಾಡಿಸಿ ಕೊಡ್ತೀರೇನು” ಎಂದು ಕೇಳಿದ ಮೇಲೆ ಆ ಮಾತು ಮತ್ತೆ ಬಂದಿಲ್ಲ.

ಇಷ್ಟು ಗಾಢವಾಗಿ ಮಲಗುವುದು ಸಹಜವಾ? ಹೇಗೆ ಎಬ್ಬಿಸಬೇಕು? ಏನಾದರೂ ಟೆಸ್ಟ್ ಮಾಡಿಸಬೇಕಾ, ಇಲ್ಲ ಸುಮ್ನೆ ಮಲಗಲು ಬಿಡಬೇಕಾ?

ಉತ್ತರ
ಟಿಳಕವಾಡಿ ಮಾವಶಿ, ಬೆಳಗಾವಿ

ತಂಗೀ, ನಿನ್ನ ಬೆಕ್ಕಿಗೆ ಕಿವಿ ಕೇಳಿಸುವುದಿಲ್ಲ. ನೀನು ಬರೆದಿದ್ದರಲ್ಲೇ ಉತ್ತರ ಇದೆ.

ಕಿವಿ ಚೆನ್ನಾಗಿರುವ ಬೆಕ್ಕು ನಿದ್ದೆಯಲ್ಲೂ ಕಿವಿ ತಿರುಗಿಸುತ್ತದೆ. ಕಣ್ಣು ಮುಚ್ಚಿರುತ್ತದೆ, ಮೈ ಸುಮ್ಮನಿರುತ್ತದೆ, ಆದರೆ ಸದ್ದು ಎಲ್ಲಿಂದ ಬಂತೋ ಆ ಕಡೆಗೆ ಕಿವಿ ಹೊರಳುತ್ತದೆ. ಹಲಗೆಗೆ ಕಿವಿಯೇ ಅಲ್ಲಾಡಲಿಲ್ಲ ಅಂದರೆ ಇನ್ನೇನು. ರಾತ್ರಿ ಅಷ್ಟು ಜೋರಾಗಿ ಕೂಗುವುದೂ ಅದೇ ಕಾರಣಕ್ಕೆ ಇರಬಹುದು, ತನ್ನ ದನಿ ತನಗೇ ಕೇಳಿಸುವುದಿಲ್ಲ. ನಮ್ಮ ಬೆಕ್ಕು ಮನಿಗೂ ಹೀಗೇ ಆಗಿತ್ತು. ಗಣಪತಿ ಮೆರವಣಿಗೆಯ ಡಾಲ್ಬಿಗೆ ನಮ್ಮ ಎದೆ ನಡುಗುತ್ತಿದ್ದರೆ ಅವಳು ಮಂಚದ ಮೇಲೆ ಆರಾಮಾಗಿ ಮಲಗಿರುತ್ತಿದ್ದಳು.

ಒಮ್ಮೆ ಪರೀಕ್ಷೆ ಮಾಡಿ ನೋಡು. ಅದು ಎಚ್ಚರ ಇದ್ದು ಬೇರೆ ಕಡೆ ನೋಡುತ್ತಿರುವಾಗ ಹಿಂದಿನಿಂದ, ಸ್ವಲ್ಪ ದೂರದಲ್ಲಿ ನಿಂತು ಕೈಯಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸು. ಕಾಲು ಅಪ್ಪಳಿಸಬೇಡ, ನೆಲದ ನಡುಕ ಅದಕ್ಕೆ ಗೊತ್ತಾಗುತ್ತದೆ. ಹತ್ತಿರದಿಂದ ಚಪ್ಪಾಳೆಯೂ ಬೇಡ, ಗಾಳಿ ಮೀಸೆಗೆ ತಾಗಿದರೆ ತಿರುಗಿ ನೋಡುತ್ತದೆ. ಆಮೇಲೆ ಕೇಳಿಸಿತು ಎಂದು ನೀವು ಸಂಭ್ರಮ ಪಡುತ್ತೀರಿ.

ಎಬ್ಬಿಸುವುದು ಹೇಗೆ ಅಂದರೆ, ಮೊದಲು ಮೈ ಮುಟ್ಟಲೇಬಾರದು. ಮಲಗಿದ ಹಾಸಿಗೆಯ ಅಂಚನ್ನು ಅಂಗೈಯಿಂದ ಒತ್ತಿ ಬಿಡು, ಎರಡು ಮೂರು ಸಲ. ಅದು ಮಲಗುವುದು ದಪ್ಪ ಕೌದಿ ಆಗಿದ್ದರೆ ನೆಲ ತಟ್ಟಿ ಉಪಯೋಗವಿಲ್ಲ, ಕೌದಿಯನ್ನೇ ಒತ್ತಬೇಕು. ನಿಮ್ಮ ಹಲಗೆಯ ನಡುಕ ಅದಕ್ಕೆ ಮುಟ್ಟದೇ ಇದ್ದದ್ದಕ್ಕೂ ಕೌದಿಯೇ ಕಾರಣ ಇರಬೇಕು. ಇದರಿಂದ ಏಳದಿದ್ದರೆ ಮೂಗಿನ ಮುಂದೆ ಸ್ವಲ್ಪ ಬಿಸಿ ಮೀನೋ ಕೋಳಿಯೋ ಹಿಡಿ. ಕಿವಿ ಹೋದರೂ ಮೂಗು ಇರುತ್ತದೆ. ಮೊದಲು ಮೂಗಿನ ಹೊಳ್ಳೆ ಅಲ್ಲಾಡುತ್ತದೆ, ಆಮೇಲೆ ಮೀಸೆ, ಆಮೇಲೆ ಒಂದು ಕಣ್ಣು. ನೋಡಲು ಭಾಳ ಚೆಂದ. ಮುಟ್ಟಲೇಬೇಕಾದರೆ ಎದುರಿಗೆ ಕೂತು ಭುಜ ಸವರು, ಹೊಟ್ಟೆ ಬಾಲಕ್ಕೆ ಹೋಗಬೇಡ.

ಮಗಳಿಗೆ ಹೇಳು, ಅದು ಪರಚಿದ್ದು ಅವಳನ್ನಲ್ಲ. ಕತ್ತಲಲ್ಲಿ ಯಾರೋ ಹಿಂದಿನಿಂದ ಹಿಡಿದರೆ ನಾವೂ ಹೊಡೆಯುತ್ತೇವೆ.

ಉತ್ತರ
ಸರಳ ಮನೆಮದ್ದು

ವಯಸ್ಸಾದ ಮೇಲೆ ಮೈಕೈ ನೋವು ಇರುತ್ತದೆ, ಅದಕ್ಕೇ ಮಲಗಿಯೇ ಇರುತ್ತದೆ. ಪ್ಯಾರಾಸಿಟಮಾಲ್ ಕಾಲು ಮಾತ್ರೆ ಹಾಲಿನಲ್ಲಿ ಕಲಸಿ ಎರಡು ದಿನ ಕೊಡಿ. ಚುರುಕಾಗುತ್ತದೆ.

ಉತ್ತರ
ದನದ ಡಾಕ್ಟರ್, ಮುಧೋಳ ಕಡೆ

ಮೇಡಂ, ಮೇಲಿನ ಸಲಹೆಯನ್ನು ಯಾವ ಕಾರಣಕ್ಕೂ ಮಾಡಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಒಂದೇ ಮಾತ್ರೆಗೆ ಸತ್ತು ಹೋದ ಬೆಕ್ಕುಗಳಿವೆ. ಮನುಷ್ಯರ ಬೇರೆ ನೋವಿನ ಮಾತ್ರೆಗಳೂ ಬೇಡ. ಮನೆಮದ್ದಿನವರೇ, ದಯವಿಟ್ಟು ಅದನ್ನು ಅಳಿಸಿ.

ನಾನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಎಮ್ಮೆ, ಆಕಳು, ಕುರಿ ಮತ್ತು ನಮ್ಮೂರಿನ ನಾಯಿ ನೋಡಿದಷ್ಟು ಬೆಕ್ಕು ನೋಡಿಲ್ಲ. ಆದರೂ ಗೊತ್ತಿರುವುದನ್ನು ಹೇಳುತ್ತೇನೆ.

ಮಾವಶಿಯವರು ಹೇಳಿದ್ದು ಸರಿ, ಮುದಿ ಬೆಕ್ಕುಗಳಲ್ಲಿ ಕಿವುಡು ಸಾಮಾನ್ಯ. ಹದಿನಾರು ವರ್ಷದ ಬೆಕ್ಕು ಅಂದರೆ ನಮ್ಮ ಲೆಕ್ಕದಲ್ಲಿ ಎಂಬತ್ತರ ಅಜ್ಜ. ಚಿಕ್ಕ ವಯಸ್ಸಿನ ಬೆಕ್ಕೇ ದಿನಕ್ಕೆ 12ರಿಂದ 16 ಗಂಟೆ ಮಲಗುತ್ತದೆ, ಮುದಿ ಬೆಕ್ಕು ಅದಕ್ಕಿಂತ ಜಾಸ್ತಿ ಮಲಗಿದರೆ ಆಶ್ಚರ್ಯವಿಲ್ಲ. ಹಾಗಾಗಿ ಎಷ್ಟು ಹೊತ್ತು, ಎಷ್ಟು ಗಾಢ ಎನ್ನುವುದರ ಮೇಲೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎದ್ದ ಮೇಲೆ ಏನು ಮಾಡುತ್ತದೆ ಅನ್ನುವುದೇ ನನಗೆ ಬೇಕು. ಮೈ ನೆಕ್ಕಿಕೊಳ್ಳುತ್ತದಾ? ಬಟ್ಟಲಿನ ತನಕ ತಾನೇ ನಡೆದು ಹೋಗುತ್ತದಾ? ಮಂಚ ಹತ್ತುವಾಗ ಒಂದು ಕ್ಷಣ ನಿಂತು ಯೋಚಿಸುತ್ತದಾ? ಮಣ್ಣಿನ ಟ್ರೇಯಲ್ಲಿ ಒದ್ದೆ ಉಂಡೆಗಳು ಮೊದಲಿಗಿಂತ ದೊಡ್ಡದಾಗಿವೆಯಾ? ಇವುಗಳಲ್ಲಿ ಕಾಯಿಲೆ ಸಿಗುತ್ತದೆ, ನಿದ್ದೆಯಲ್ಲಿ ಸಿಗುವುದಿಲ್ಲ.

ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಮೂರು. ತೂಕ ಇಳಿದಿದೆ, ನೀರು ಜಾಸ್ತಿ ಕುಡಿಯುತ್ತದೆ, ರಾತ್ರಿ ಕೂಗುತ್ತದೆ. ಇವು ಒಟ್ಟಿಗೆ ಬಂದರೆ ಕಿಡ್ನಿ, ಥೈರಾಯ್ಡ್, ಬಿಪಿ, ಸಕ್ಕರೆ ಕಾಯಿಲೆ, ನಾಲ್ಕನ್ನೂ ನೋಡಬೇಕು. ಥೈರಾಯ್ಡ್ ಜಾಸ್ತಿಯಾದ ಬೆಕ್ಕು ಸಾಮಾನ್ಯವಾಗಿ ಹಸಿದುಕೊಂಡು ಓಡಾಡುತ್ತದೆ, ನಿಮ್ಮದು ಕಡಿಮೆ ತಿನ್ನುತ್ತಿದೆ, ಆದ್ದರಿಂದ ನನ್ನ ಅನುಮಾನ ಕಿಡ್ನಿ ಮೇಲೆ. ಆದರೆ ಅನುಮಾನದ ಮೇಲೆ ಔಷಧ ಕೊಡಲು ಬರುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿಗೆ), ಸಕ್ಕರೆ, ಟಿ4 (ಥೈರಾಯ್ಡ್‌ಗೆ), ಜೊತೆಗೆ ಮೂತ್ರ ಪರೀಕ್ಷೆ ಕೇಳಿ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿ ಕೆಲಸದ ಮುಕ್ಕಾಲು ಪಾಲು ಹೋಗಿರುತ್ತದೆ, ಅದಕ್ಕೇ ಮೂತ್ರ ಪರೀಕ್ಷೆ ಬಿಡಬೇಡಿ.

ಬಿಪಿ ವಿಷಯ ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮರೆಯುವುದು ಅದನ್ನೇ. ಬೆಕ್ಕಿಗೂ ಬಿಪಿ ಬರುತ್ತದೆ. ಮುಂಗಾಲಿಗೆ ಇಲ್ಲವೇ ಬಾಲಕ್ಕೆ ಸಣ್ಣ ಪಟ್ಟಿ ಕಟ್ಟಿ ನೋಡುತ್ತಾರೆ. ಮೇಲಿನ ಅಂಕಿ ಮತ್ತೆ ಮತ್ತೆ 160 ದಾಟುತ್ತಿದ್ದರೆ ಚಿಕಿತ್ಸೆ ಬೇಕು. ಬಿಟ್ಟರೆ ಕಣ್ಣಿನ ಹಿಂದಿನ ಪದರ ಕಿತ್ತು ಬಂದು ರಾತ್ರೋರಾತ್ರಿ ಕುರುಡಾಗಬಹುದು. ಬಿಸಿಲಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇದೆ, ಗೋಡೆಗೆ ತಾಗುತ್ತದೆ ಅಂತ ಕಂಡರೆ ಅದೇ ದಿನ ಓಡಿ. ಬಿಪಿ ನೋಡುವ ಸಾಧನ ಎಲ್ಲ ಕ್ಲಿನಿಕ್‌ನಲ್ಲಿ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಬುಟ್ಟಿಯಿಂದ ತೆಗೆದ ಕೂಡಲೇ ಹೆದರಿ ಅಂಕಿ ಏರಿರುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಸೂಜಿ ಚುಚ್ಚುವ ಮೊದಲೇ ನೋಡಲು ಹೇಳಿ.

ಅತ್ತೆಯವರಿಗೆ ಒಂದು ಕೆಲಸ ಕೊಡುತ್ತೇನೆ. ಮೂಗಿಗೆ ಬೆರಳು ಹಿಡಿಯುವ ಬದಲು, ಮಲಗಿದ್ದಾಗ ಪಕ್ಕೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಲಿ. ಒಮ್ಮೆ ಉಬ್ಬಿ ಇಳಿದರೆ ಒಂದು. ಗಾಢ ನಿದ್ದೆಯಲ್ಲಿ 30ರೊಳಗೆ ಇರಬೇಕು. ದಿನವೂ 30ಕ್ಕಿಂತ ಜಾಸ್ತಿ ಬರುತ್ತಿದ್ದರೆ ಹೃದಯ, ಶ್ವಾಸಕೋಶ ನೋಡಿಸಬೇಕು. ಒಸಡನ್ನೂ ಆಗಾಗ ನೋಡಲಿ. ನಸುಗೆಂಪು ಇರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು.

ನಿದ್ದೆಗೂ ಎಚ್ಚರ ತಪ್ಪಿದ್ದಕ್ಕೂ ವ್ಯತ್ಯಾಸ ಇದೆ. ಕಿವುಡು ಬೆಕ್ಕು ಮುಟ್ಟಿದರೆ ಏಳುತ್ತದೆ, ಎದ್ದು ಕೆಲವೇ ಕ್ಷಣಗಳಲ್ಲಿ ಸರಿಯಾಗುತ್ತದೆ. ಮುಟ್ಟಿ ಅಲ್ಲಾಡಿಸಿದರೂ ಏಳದಿದ್ದರೆ, ಮೈ ತಣ್ಣಗಿದ್ದರೆ, ಒಸಡು ಬಿಳಿಚಿದ್ದರೆ ಇಲ್ಲವೇ ನೀಲಿಯಾಗಿದ್ದರೆ, ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ಇದ್ದಕ್ಕಿದ್ದಂತೆ ಎಳೆಯತೊಡಗಿದರೆ, ಮೂತ್ರಕ್ಕೆ ತಿಣುಕಿದರೂ ಹನಿ ಬಾರದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಗಾಡಿ ಇದೆ, ಆದರೆ ಅದು ಮುಖ್ಯವಾಗಿ ದನಕರುಗಳಿಗೆ. ಬೆಕ್ಕನ್ನು ನೀವೇ ಬುಟ್ಟಿಯಲ್ಲಿ ತರುವುದು ಬೇಗ ಆಗುತ್ತದೆ.

“ವಯಸ್ಸಾಗಿದೆ ಬಿಡ್ರಿ” ಎಂದವರ ಬಗ್ಗೆ ನಾನೇನೂ ಹೇಳುವುದಿಲ್ಲ. ವಯಸ್ಸಾಗಿರುವುದು ನಿಮಗೂ ಗೊತ್ತಿತ್ತಲ್ವಾ.

ಉತ್ತರ
ಗುಮ್ಮಟದ ನೆರಳು, ವಿಜಯಪುರ

ಡಾಕ್ಟರ್ ಸರ್ ಕಿಡ್ನಿ ಎಂದಿದ್ದಾರೆ, ನಮ್ಮ ಮನೆಯಲ್ಲಿ ಕಿಡ್ನಿ ಬೆಕ್ಕು ಇದೆ, ಅದಕ್ಕೆ ಬರೆಯುತ್ತಿದ್ದೇನೆ. ವಯಸ್ಸು ಹದಿನಾಲ್ಕು. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ, ಆಗ ಫರಸಿ ಕಲ್ಲಿನ ಮೇಲೆ ಉದ್ದಕ್ಕೆ ಬಿದ್ದುಕೊಂಡರೆ ಸಂಜೆಯ ತನಕ ಏಳುವುದಿಲ್ಲ. ನಿದ್ದೆ ಎಂದು ನಾವು ಸುಮ್ಮನಿರುತ್ತೇವೆ, ಅದು ಒಣಗುತ್ತಿರುತ್ತದೆ.

ಬೆಕ್ಕಿನ ಮೂಲ ಆಫ್ರಿಕಾ, ಪಶ್ಚಿಮ ಏಷ್ಯಾ ಕಡೆಯ ಒಣ ಸೀಮೆಯ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿದ್ದ ನೀರೇ ಅದಕ್ಕೆ ಸಾಕಾಗುತ್ತಿತ್ತು. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ನಾವು ಒಣ ಕಾಳಿನ ಆಹಾರ ಹಾಕಿ ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟರೆ ಮುಗಿಯಿತು ಅಂದುಕೊಳ್ಳುತ್ತೇವೆ. ಮುದಿ ಬೆಕ್ಕು ನೀರಿಗಾಗಿ ಎದ್ದು ಅಡುಗೆಮನೆ ತನಕ ಹೋಗಲು ಬೇಜಾರು ಮಾಡಿಕೊಳ್ಳುತ್ತದೆ. ಮಲಗುವ ಜಾಗಕ್ಕೆ ಮೂರು ಹೆಜ್ಜೆ ದೂರದಲ್ಲೇ ನೀರಿಡಿ, ಮನೆಯ ಇನ್ನೆರಡು ಕಡೆಯೂ ಇಡಿ. ಅಗಲ ಬಾಯಿಯ ಮಣ್ಣಿನ ಬಟ್ಟಲು ಒಳ್ಳೆಯದು, ನೀರು ತಂಪಾಗಿರುತ್ತದೆ, ಮೀಸೆ ಅಂಚಿಗೆ ತಾಗುವುದಿಲ್ಲ. ಕೋಳಿ ಬೇಯಿಸಿದ ನೀರನ್ನು ಆರಿಸಿ ಕೊಟ್ಟರೆ ನಮ್ಮದು ಬಟ್ಟಲು ನೆಕ್ಕಿ ಬಿಡುತ್ತದೆ. ಆದರೆ ಬರೀ ಕೋಳಿ, ಬರೀ ನೀರು. ಉಪ್ಪು ಖಾರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದರೆ ಬೆಕ್ಕಿನ ರಕ್ತಕಣ ಒಡೆಯುತ್ತವೆ, ಆದ್ದರಿಂದ ನಮ್ಮ ಮಟನ್ ಸಾರಿನಲ್ಲಿ ರೊಟ್ಟಿ ಕಲಸಿ ಹಾಕುವುದನ್ನು ಪೂರ್ತಿ ನಿಲ್ಲಿಸಿ. ನಮ್ಮ ಅವ್ವನಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು, “ನಮ್ಮ ಕಾಲದ ಬೆಕ್ಕುಗಳು ಏನು ತಿಂದು ಬದುಕಿದವು” ಎನ್ನುತ್ತಾಳೆ. ಆ ಬೆಕ್ಕುಗಳು ಹದಿನಾರು ವರ್ಷ ಬದುಕುತ್ತಿರಲಿಲ್ಲ ಅವ್ವಾ.

ನೀರು ಕಡಿಮೆಯಾಗಿದೆಯಾ ನೋಡಲು ಕತ್ತಿನ ಚರ್ಮ ಎತ್ತಿ ಬಿಟ್ಟು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಮುದಿ ಬೆಕ್ಕಿನಲ್ಲಿ ಅದನ್ನು ನಂಬಬೇಡಿ, ಚರ್ಮವೇ ಸಡಿಲವಾಗಿರುತ್ತದೆ. ಒಸಡು ಮುಟ್ಟಿ ನೋಡಿ. ಜಾರಬೇಕು. ಬೆರಳಿಗೆ ಅಂಟಿದರೆ ನೀರು ಸಾಲದು.

ತೂಕಕ್ಕೆ ಬಾತ್‌ರೂಮ್ ತಕ್ಕಡಿಗಿಂತ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾ ಒಳ್ಳೆಯದು. ನಾಲ್ಕು ಕಿಲೋ ಬೆಕ್ಕಿನಲ್ಲಿ 400 ಗ್ರಾಂ ಹೋದರೆ ಹತ್ತನೇ ಒಂದು ಪಾಲು ಹೋದ ಹಾಗೆ, ಅದು ನಮ್ಮ ತಕ್ಕಡಿಯಲ್ಲಿ ಗೊತ್ತೇ ಆಗುವುದಿಲ್ಲ. ನಾನು ತಿಂಗಳಿಗೊಮ್ಮೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಅಂಗಡಿಯವರು “ಏನ್ ರೇಟ್ರಿ ಇದು ಕಿಲೋಕ್ಕೆ” ಎಂದು ಪ್ರತಿ ಸಲ ಕೇಳುತ್ತಾರೆ.

ಕಿಡ್ನಿ ಎಂದು ಬಂದರೆ ಹೆದರಬೇಡಿ. ನಮ್ಮದಕ್ಕೆ ಚರ್ಮದ ಕೆಳಗೆ ಸಲೈನ್ ಕೊಡುವುದನ್ನು ಡಾಕ್ಟರ್ ಕಲಿಸಿದ್ದಾರೆ, ಮನೆಯಲ್ಲೇ ಕೊಡುತ್ತೇವೆ. ಮೊದಲ ಸಲ ಕೈ ನಡುಗಿತು. ಈಗ ಟಿವಿ ನೋಡುತ್ತಾ ಕೊಡುತ್ತೇನೆ, ಅದು ನಿದ್ದೆ ಮಾಡುತ್ತಾ ತೆಗೆದುಕೊಳ್ಳುತ್ತದೆ.

ಉತ್ತರ
ಜೀವಶಾಸ್ತ್ರದ ಮಾಸ್ತರ, ಜಮಖಂಡಿ

ಜೋತು ಬೀಳುವುದರ ಬಗ್ಗೆ ಒಂದು ಮಾತು. ನಿದ್ದೆಯಲ್ಲಿ ಮೀಸೆ ಅದುರಿ, ಪಂಜ ಮಿಡಿದು, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಓಡಾಡುವ ಹಂತ ಬರುತ್ತದಲ್ಲ, ಆಗ ಮಿದುಳು ಎಚ್ಚರ ಇದ್ದಷ್ಟೇ ಚುರುಕಾಗಿರುತ್ತದೆ. ಆದರೆ ಕತ್ತು, ಕೈಕಾಲಿನ ಸ್ನಾಯುಗಳು ಪೂರ್ತಿ ಸಡಿಲ. ಇದನ್ನು 1959ರ ಸುಮಾರಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ಮಿಶೆಲ್ ಜುವೆ ಎಂಬ ವಿಜ್ಞಾನಿ ತೋರಿಸಿದ್ದು ಬೆಕ್ಕುಗಳಲ್ಲೇ. ಮಿದುಳು ಎಚ್ಚರ, ಮೈ ನಿದ್ದೆ, ಅದಕ್ಕೇ ಅವರು ಅದನ್ನು ಪ್ಯಾರಡಾಕ್ಸಿಕಲ್ ಸ್ಲೀಪ್ ಎಂದು ಕರೆದರು. ಸಾಧಾರಣ ಬೆಕ್ಕನ್ನು ನೀವು ಆ ಹಂತದಲ್ಲಿ ಎತ್ತಿಕೊಳ್ಳಲು ಆಗುವುದು ಕಡಿಮೆ, ಹೆಚ್ಚಾಗಿ ನಿಮ್ಮ ಹೆಜ್ಜೆ ಸದ್ದಿಗೇ ಎಚ್ಚರಾಗಿರುತ್ತದೆ. ಶೇಂಗಾನ ವಿಷಯದಲ್ಲಿ ಆ ಸದ್ದು ಮುಟ್ಟುವುದಿಲ್ಲ, ಅದಕ್ಕೇ ನಿಮಗೆ ಕಾಣಸಿಗುತ್ತಿದೆ. ಸತ್ತ ಹಾಗೆ ಕಂಡರೂ ಒಳಗೆ ಇಲಿ ಹಿಡಿಯುತ್ತಿರಬಹುದು.

ಪ್ರಶ್ನೆ ಕೇಳಿದವರು
ಶೇಂಗಾನ ಮನೆ, ಬಾಗಲಕೋಟೆ

ಎಲ್ಲರಿಗೂ ಭಾಳ ಧನ್ಯವಾದ. ಬೀಗದ ಕೈ ಅಲ್ಲಾಡಿಸಿ ನೋಡಿದೆವು, ಮಾವಶಿಯವರ ಮಾತು ನಿಜ, ತಿರುಗಿಯೂ ನೋಡಲಿಲ್ಲ. ಕೌದಿ ಒತ್ತಿದರೆ ಮಾತ್ರ ಮೆಲ್ಲಗೆ ಕಣ್ಣು ಬಿಡುತ್ತದೆ, ಗಾಬರಿ ಇಲ್ಲ. ಅತ್ತೆ ಉಸಿರು ಎಣಿಸಿದ್ದಾರೆ, 22 ಬಂತು. ಈಗ ದಿನಾ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತಿದ್ದಾರೆ. ಟೆಸ್ಟ್‌ಗೆ ಈ ವಾರ ಹೋಗುತ್ತೇವೆ.

ಒಂದು ಕೇಳುವುದಿತ್ತು. ಹಗಲಲ್ಲಿ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ, ಅಂಗಳದಲ್ಲಿ ಮಲಗುವ ರೂಢಿ ಇದೆ. ಅದನ್ನೂ ನಿಲ್ಲಿಸಬೇಕಾ? ಒಳಗೇ ಇಟ್ಟರೆ ಬಾಗಿಲ ಹತ್ತಿರ ಕೂತು ಕೆರೆಯುತ್ತದೆ.

ಉತ್ತರ
ಟಿಳಕವಾಡಿ ಮಾವಶಿ, ಬೆಳಗಾವಿ

ಒಂಟಿಯಾಗಿ ಹೊರಗೆ ಬಿಡಲೇಬೇಡ ತಂಗೀ. ನಮ್ಮ ಓಣಿಯಲ್ಲಿ ಇಂಥದೇ ಒಂದು ಕಿವುಡು ಬೆಕ್ಕು ನಿಂತ ಕಾರಿನ ಚಕ್ರದ ನೆರಳಲ್ಲಿ ಮಲಗಿತ್ತು. ಕಾರಿನವರು ಒಳ್ಳೆಯವರೇ, ಬಾನೆಟ್ ಮೇಲೆ ಕೈಯಿಂದ ಬಡಿದು, ಹಾರ್ನ್ ಹೊಡೆದು, ಆಮೇಲೆ ಹಿಂದೆ ತೆಗೆದರು. ಕಿವಿ ಇದ್ದ ಬೆಕ್ಕಾಗಿದ್ದರೆ ಓಡುತ್ತಿತ್ತು. ಇನ್ನು ನಾಯಿ ಬಂದರೆ ಹತ್ತಿರ ಬಂದು ಮೂಸುವ ತನಕ ಗೊತ್ತಾಗುವುದಿಲ್ಲ.

ಯಾರಾದರೂ ಜೊತೆಗೆ ಕೂತಿದ್ದರೆ ಕಟ್ಟೆ ಪರವಾಗಿಲ್ಲ, ನಿಮ್ಮ ಅತ್ತೆ ಕಾಳು ಆರಿಸುವಾಗ ಪಕ್ಕದಲ್ಲಿ ಮಲಗಲಿ. ಮನೆಯೊಳಗೂ ನೋಡಿಕೋ. ವಾಷಿಂಗ್ ಮಷಿನ್ ಒಳಗೆ, ಮಡಚಿದ ಹಾಸಿಗೆಯ ನಡುವೆ, ಮಂಚದ ಕೆಳಗಿನ ಡ್ರಾವರ್‌ನಲ್ಲಿ ಹೋಗಿ ಮಲಗಿದರೆ ನೀನು ಎಷ್ಟು ಕರೆದರೂ ಬರುವುದಿಲ್ಲ. ಮಷಿನ್ ಹಾಕುವ ಮೊದಲು ಕೈ ಹಾಕಿ ನೋಡುವುದು ರೂಢಿಯಾಗಲಿ. ಮಾಳಿಗೆ ಬಾಗಿಲು ಮುಚ್ಚಿರಲಿ.

ಪ್ರಶ್ನೆ ಕೇಳಿದವರು
ಶೇಂಗಾನ ಮನೆ, ಬಾಗಲಕೋಟೆ

ಟೆಸ್ಟ್ ಆಯಿತು, ಇಲ್ಲೇ ಹಾಕುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ರಕ್ತ ಇಲ್ಲೇ ತೆಗೆದರು. ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ, ಥೈರಾಯ್ಡ್ ಸರಿ ಇದೆ, ಸಕ್ಕರೆ ಇಲ್ಲ. ಮೂತ್ರ ನೀರಿನಷ್ಟು ತೆಳುವಾಗಿದೆ ಎಂದರು, ಕಿಡ್ನಿ ಶುರುವಿನ ಹಂತ. ಬಿಪಿ ನೋಡುವ ಸಾಧನ ಇಲ್ಲಿ ಸಿಗಲಿಲ್ಲ, ಅದಕ್ಕೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರ್ ಸರ್ ಹೇಳಿದ ಹಾಗೆ ಮೊದಲು ಸುಮ್ಮನೆ ಕೂರಿಸಿ ಎಂದು ನಾನೇ ಕೇಳಿಕೊಂಡೆ. ಅಲ್ಲಿಯ ಡಾಕ್ಟರ್ ದೀಪ ಕಡಿಮೆ ಮಾಡಿ, ಟವೆಲ್ ಹೊದಿಸಿ, ಬಾಲಕ್ಕೆ ಪಟ್ಟಿ ಕಟ್ಟಿ ಬಿಟ್ಟು ಬಿಟ್ಟು ಐದಾರು ಸಲ ನೋಡಿದರು. ಪ್ರತಿ ಸಲ 180ರ ಆಸುಪಾಸು. ಅಷ್ಟರಲ್ಲಿ ಶೇಂಗಾ ಅಲ್ಲೇ ಮಲಗಿಬಿಟ್ಟಿತು. ಹೆದರಿ ಏರಿದ ಬಿಪಿ ಇದಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಕಣ್ಣು ಪರೀಕ್ಷಿಸಿದರು, ಪದರ ಸದ್ಯಕ್ಕೆ ಜಾಗದಲ್ಲೇ ಇದೆ. ಅಮ್ಲೋಡಿಪಿನ್ ಬರೆದಿದ್ದಾರೆ. ಮನುಷ್ಯರ ಬಿಪಿ ಮಾತ್ರೆಯೇ, ಆದರೆ ತೀರಾ ಸಣ್ಣ ತುಂಡು. ನಮ್ಮ ಮಾವನೂ ಅದನ್ನೇ ತೆಗೆದುಕೊಳ್ಳುತ್ತಾರೆ, ಈಗ ಇಬ್ಬರಿಗೂ ಒಂದೇ ಹೊತ್ತಿಗೆ ಮಾತ್ರೆ, ಡಬ್ಬಿ ಮಾತ್ರ ಬೇರೆ ಬೇರೆ ಇಟ್ಟಿದ್ದೇನೆ.

ಕಿವಿಯೊಳಗೆ ಮೇಣ, ಸೋಂಕು ಏನೂ ಇಲ್ಲ. ವಯಸ್ಸಿನ ಕಿವುಡು, ಮರಳುವುದಿಲ್ಲ. ಮಂಡಿಯಲ್ಲಿ ಸವೆತ ಇದೆ, ಮಂಚಕ್ಕೆ ಹತ್ತಲು ಒಂದು ಗಟ್ಟಿ ಪೆಟ್ಟಿಗೆ ಇಡಿ ಎಂದರು.

ಒಂದೇ ಕಷ್ಟ, ಮಾತ್ರೆ. ಕೋಳಿಯಲ್ಲಿ ಇಟ್ಟರೆ ಕೋಳಿ ತಿಂದು ಮಾತ್ರೆ ಉಗುಳುತ್ತದೆ. ಹಲ್ಲಿಲ್ಲದ ಬಾಯಿಯಲ್ಲಿ ಅಷ್ಟು ಚೊಕ್ಕಟವಾಗಿ ಹೇಗೆ ಬೇರೆ ಮಾಡುತ್ತದೋ.

ಉತ್ತರ
ದನದ ಡಾಕ್ಟರ್, ಮುಧೋಳ ಕಡೆ

ಒಳ್ಳೆಯ ಕೆಲಸ ಮಾಡಿದಿರಿ ಮೇಡಂ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನದಲ್ಲಿ 90ರಲ್ಲಿ ಕೀಲು ಸವೆತ ಇತ್ತು, ಹಾಗಾಗಿ ಮಂಡಿಯ ಬಗ್ಗೆ ನನಗೆ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಜೊತೆಗೆ ಮಣ್ಣಿನ ಟ್ರೇಯ ಒಂದು ಬದಿಯನ್ನು ಕತ್ತರಿಸಿ ತಗ್ಗು ಮಾಡಿ.

ರಾತ್ರಿ ಕೂಗು ಬಿಪಿ ಇಳಿದ ಮೇಲೆ ಕಡಿಮೆಯಾಗಬಹುದು. ಆಗದಿದ್ದರೆ ಅರಳುಮರಳು ಇರಬಹುದು. ಬೆಕ್ಕಿಗೂ ಅದು ಬರುತ್ತದೆ, 15 ದಾಟಿದವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದರ ಒಂದಾದರೂ ಲಕ್ಷಣ ಕಾಣುತ್ತದೆ. ಪಡಸಾಲೆಯಲ್ಲಿ ಝೀರೋ ಬಲ್ಬ್ ಹಾಕಿಡಿ, ಮಲಗುವ ಮುಂಚೆ ಕೊನೆಯ ಊಟ ಕೊಡಿ, ಸಾಮಾನುಗಳ ಜಾಗ ಬದಲಿಸಬೇಡಿ. ಎರಡು ವಾರಕ್ಕೆ ಬಿಪಿ ಮತ್ತೆ ನೋಡಿಸಿ.

ಮಾತ್ರೆ ಕೊಟ್ಟ ಮೇಲೆ ಸೂಜಿ ತೆಗೆದ ಸಿರಿಂಜ್‌ನಿಂದ ಬಾಯಿಯ ಪಕ್ಕಕ್ಕೆ ಒಂದೆರಡು ಮಿಲಿ ನೀರು ಬಿಡಿ. ಒಣ ಮಾತ್ರೆ ಬೆಕ್ಕಿನ ಗಂಟಲಿನಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತದೆ.

ಉತ್ತರ
ಟಿಳಕವಾಡಿ ಮಾವಶಿ, ಬೆಳಗಾವಿ

ಮಾತ್ರೆ ತುಂಡಿಗೆ ಸ್ವಲ್ಪ ಗಟ್ಟಿ ತುಪ್ಪ ಸವರು. ಮೊದಲು ಮಾತ್ರೆ ಇಲ್ಲದ ಕೋಳಿ ಚೂರು ಒಂದು ಕೊಡು, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಕಣ್ಣ ಮುಂದೆಯೇ ಹಿಡಿದಿರು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಮನಿ ಆರು ತಿಂಗಳ ತನಕ ಈ ಮೋಸ ಕಂಡುಹಿಡಿಯಲಿಲ್ಲ.

ಉತ್ತರ
ಗುಮ್ಮಟದ ನೆರಳು, ವಿಜಯಪುರ

ನಮ್ಮದು ಎರಡೇ ದಿನಕ್ಕೆ ಕಂಡುಹಿಡಿಯಿತು ಮಾವಶಿ. ಈಗ ಮೊದಲನೆಯದನ್ನೂ ಮೂರನೆಯದನ್ನೂ ತಿಂದು ಎರಡನೆಯದನ್ನು ನನ್ನ ಚಪ್ಪಲಿಯಲ್ಲಿ ಇಟ್ಟು ಹೋಗುತ್ತದೆ. ಪುಡಿ ಮಾಡಿ ಕೊಡಬಹುದಾ ಡಾಕ್ಟರ್ ಸರ್?

ಉತ್ತರ
ದನದ ಡಾಕ್ಟರ್, ಮುಧೋಳ ಕಡೆ

ಕೆಲವು ಮಾತ್ರೆ ಮಾಡಬಹುದು, ಕೆಲವು ಕಹಿಗೆ ನೊರೆ ಕಾರಿಸಿಬಿಡುತ್ತವೆ, ಇನ್ನು ಕೆಲವನ್ನು ಒಡೆಯಲೇಬಾರದು. ಮಾತ್ರೆಯ ಹೆಸರು ಹೇಳಿ, ನೋಡಿ ಹೇಳುತ್ತೇನೆ.